ಟೈಫಾಯ್ಡ್ ಕಾಂಜುಗೇಟ್ ಲಸಿಕೆ: ಚೆಂಬೂರಿನ ಹೋಟೆಲಿನವನೊಬ್ಬನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕೂವರೆ. ಪೂರ್ತಿ ಓದಲು ಸಮಯ ಇಲ್ಲದವರು ಮಳೆಗಾಲ ಶುರುವಾಗುವ ಮುಂಚೆ ಡಾಕ್ಟರ ಹತ್ತಿರ ಹೋಗಿ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಕೇಳಿ ಹಾಕಿಸಿಕೊಳ್ಳಿ. "ಕಾಂಜುಗೇಟ್" ಅನ್ನೋದನ್ನು ಮರೀಬೇಡಿ, ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ನಾನು ಡಾಕ್ಟರಲ್ಲ. ಚೆಂಬೂರಿನಲ್ಲಿ ನಮ್ಮದೊಂದು ಉಡುಪಿ ಹೋಟೆಲ್ ಇದೆ. ಮನೆ ನವಿ ಮುಂಬಯಿಯಲ್ಲಿ, ದಿನಾ ಹಾರ್ಬರ್ ಲೈನಿನಲ್ಲಿ ಓಡಾಟ. ಹಾಗಾಗಿ ಈ ಲಸಿಕೆಯನ್ನು ಎರಡು ಕಡೆಯಿಂದ ನೋಡಿದ್ದೇನೆ. ಮಕ್ಕಳಿಗೆ 2018ರಲ್ಲಿ ನವಿ ಮುಂಬಯಿ ಪಾಲಿಕೆಯ ಶಿಬಿರದಲ್ಲಿ ಪುಕ್ಕಟೆ ಹಾಕಿಸಿದೆವು. ಆಮೇಲೆ ಹೋಟೆಲಿನ ಹುಡುಗರಿಗೆ ದುಡ್ಡು ಕೊಟ್ಟು ಹಾಕಿಸಿದೆ. ಭಟ್ಟರು, ಸಪ್ಲೈಯರ್, ಪಾತ್ರೆ ತೊಳೆಯುವವರು, ಎಲ್ಲರಿಗೂ.

ಹೋಟೆಲಿಗೂ ಲಸಿಕೆಗೂ ಏನು ಸಂಬಂಧ ಅಂತ ತುಂಬಾ ಜನ ಕೇಳುತ್ತಾರೆ, ನಮ್ಮ ಧಂಧೆಯವರೇ ಕೇಳುತ್ತಾರೆ. ಸಂಬಂಧ ಕಾನೂನಿನಲ್ಲೇ ಇದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನಿಯಮಗಳ ಶೆಡ್ಯೂಲ್ 4 ತೆಗೆದು ನೋಡಿ. ಅಡುಗೆ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಟೈಫಾಯ್ಡ್ ಥರದ ಕರುಳಿನ ಜ್ವರಗಳಿಗೆ ಲಸಿಕೆ ಹಾಕಿಸಬೇಕು, ಅದರ ದಾಖಲೆ ಇಟ್ಟಿರಬೇಕು. ಲೈಸೆನ್ಸ್ ಫ್ರೇಮ್ ಹಾಕಿ ಗಲ್ಲಾದ ಹಿಂದೆ ತೂಗುಹಾಕುತ್ತೇವೆ, ಈ ಸಾಲು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾನೂನು ಬದಿಗಿಡಿ, ಕಾಯಿಲೆಯ ಸ್ವಭಾವ ನೋಡಿದರೂ ಇದು ನಮ್ಮ ಅಡುಗೆಮನೆಯ ವಿಷಯವೇ. ಸಾಲ್ಮೊನೆಲ್ಲಾ ಟೈಫಿ ಅನ್ನೋ ಬ್ಯಾಕ್ಟೀರಿಯಾಕ್ಕೆ ಮನುಷ್ಯ ಬಿಟ್ಟರೆ ಬೇರೆ ಮನೆ ಇಲ್ಲ. ಕೋಳಿಯಿಂದ ಬರುವುದಲ್ಲ, ದನದಿಂದ ಬರುವುದಲ್ಲ. ಒಬ್ಬರ ಹೊಟ್ಟೆಯಿಂದ ಹೊರಟು, ನೀರಿನ ಮೂಲಕವೋ ತೊಳೆಯದ ಕೈಯ ಮೂಲಕವೋ ಇನ್ನೊಬ್ಬರ ತಟ್ಟೆಗೆ ಬರುತ್ತದೆ. ಜ್ವರ ವಾಸಿಯಾದ ಮೇಲೂ ನೂರರಲ್ಲಿ ಕೆಲವರ ಪಿತ್ತಕೋಶದಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಅವರಿಗೆ ಏನೂ ತೊಂದರೆ ಇರುವುದಿಲ್ಲ, ಆರಾಮಾಗಿ ಕೆಲಸ ಮಾಡಿಕೊಂಡಿರುತ್ತಾರೆ. ಅಂಥವರು ಕೊತ್ತಂಬರಿ ಹೆಚ್ಚುವ ಜಾಗದಲ್ಲಿ ನಿಂತರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಆದರೆ ಕಾಯಿಲೆ ಮೊದಲು ತಗಲುವುದು ಈ ಹುಡುಗರಿಗೇ ಅನ್ನುವುದನ್ನೂ ಮರೆಯಬಾರದು. ಊರಿನಿಂದ ಬಂದು ಒಂದೇ ಕೋಣೆಯಲ್ಲಿ ಐದಾರು ಜನ ಮಲಗಿ, ಒಂದೇ ಟ್ಯಾಂಕಿನ ನೀರು ಕುಡಿದು, ರಜೆ ದಿನ ಸಿಕ್ಕಲ್ಲಿ ತಿನ್ನುವವರು ಅವರು.

ಇಲ್ಲಿ ಗಿರಾಕಿಗಳಿಗೂ ಒಂದು ಮಾತು ಹೇಳಬೇಕು. ರಾತ್ರಿ ಊಟ ಮಾಡಿ ಬೆಳಗ್ಗೆ ವಾಂತಿಯಾದರೆ ಅದು ಟೈಫಾಯ್ಡ್ ಅಲ್ಲ. ಟೈಫಾಯ್ಡ್ ಒಳಗೆ ಹೋಗಿ ಜ್ವರವಾಗಿ ಹೊರಬರಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಅಷ್ಟರಲ್ಲಿ ನೀವು ಎಲ್ಲೆಲ್ಲಿ ಏನೇನು ತಿಂದಿರೋ ನೆನಪೇ ಇರುವುದಿಲ್ಲ, ಆದ್ದರಿಂದಲೇ ಇದರ ಮೂಲ ಹಿಡಿಯುವುದು ಕಷ್ಟ. ತಿಂದ ಕೆಲವೇ ಗಂಟೆಯಲ್ಲಿ ವಾಂತಿ ಬರಿಸುವವು ಬೇರೆ. ಕೈಯ ಗಾಯದಿಂದ, ಮೂಗಿನಿಂದ ಬರುವ ಸ್ಟ್ಯಾಫಿಲೊಕಾಕಸ್ ಒಂದು, ಬೇಯಿಸಿ ಹಾಗೇ ಬಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಇನ್ನೊಂದು. ಇವೆರಡೂ ಆಹಾರದಲ್ಲೇ ವಿಷ ಮಾಡಿಟ್ಟಿರುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ನಿಧಾನಕ್ಕೆ ಆರಿದ ಸಾಂಬಾರು, ಮಾಂಸದ ಸಾರು ಇಂಥದ್ದರಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅರ್ಧ ದಿನ ತಗೊಳ್ಳುತ್ತದೆ, ವಾಂತಿಗಿಂತ ಭೇದಿ ಜಾಸ್ತಿ. ಇವು ಯಾವುದಕ್ಕೂ ಈ ಲಸಿಕೆ ಉಪಯೋಗವಿಲ್ಲ. ಇವಕ್ಕೆ ಮದ್ದು ಅಂದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿ ಇಡುವುದು ಅಥವಾ 5 ಡಿಗ್ರಿಗಿಂತ ಕೆಳಗೆ ತಣ್ಣಗಿಡುವುದು, ನಡುವೆ ಹೆಚ್ಚು ಹೊತ್ತು ಬಿಡದೇ ಇರುವುದು.

ಉಡುಪಿ ಹೋಟೆಲಿನ ಊಟದ ಬಗ್ಗೆ ನನಗೆ ಹೆಮ್ಮೆ ಇದೆ, ಅದಕ್ಕೇ ನಮ್ಮ ದುರ್ಬಲ ಜಾಗವನ್ನೂ ಹೇಳುತ್ತೇನೆ. ಇಡ್ಲಿ ಗಟ್ಟಿ. ಹಿಟ್ಟು ಹುಳಿ ಬಂದಿರುತ್ತದೆ, ಹಬೆಯಲ್ಲಿ ಬೇಯುತ್ತದೆ, ಬಿಸಿಬಿಸಿ ಟೇಬಲ್ಲಿಗೆ ಹೋಗುತ್ತದೆ. ಸಾಂಬಾರು ಸಣ್ಣ ಉರಿಯಲ್ಲಿ ಕುದಿಯುತ್ತಲೇ ಇದ್ದರೆ ಅದೂ ಸರಿ. ಭಯ ಇರುವುದು ಕಾಯಿ ಚಟ್ನಿಯದ್ದು. ಹಸಿ ತೆಂಗಿನಕಾಯಿ, ಹಸಿ ನೀರು, ತುರಿಯುವ ಕೈ, ಆಮೇಲೆ ಮುಂಬಯಿ ಸೆಕೆಯಲ್ಲಿ ಗಂಟೆಗಟ್ಟಲೆ ಕೌಂಟರ್ ಮೇಲೆ. ನಮ್ಮಲ್ಲಿ ಸ್ವಲ್ಪ ಸ್ವಲ್ಪ ರುಬ್ಬುತ್ತೇವೆ, ಫಿಲ್ಟರ್ ನೀರು ಹಾಕುತ್ತೇವೆ, ಉಳಿದದ್ದು ಚೆಲ್ಲುತ್ತೇವೆ. ಭಟ್ಟರಿಗೆ ಚೆಲ್ಲುವುದು ಅಂದರೆ ಕರುಳು ಕಿತ್ತು ಬರುತ್ತದೆ, ಆದರೂ ಚೆಲ್ಲಲೇಬೇಕು.

ಈಗ ಲಸಿಕೆಗೆ ಬರುತ್ತೇನೆ.

2018ರ ಜುಲೈ-ಆಗಸ್ಟಿನಲ್ಲಿ ನವಿ ಮುಂಬಯಿ ಪಾಲಿಕೆ 9 ತಿಂಗಳಿಂದ 14 ವರ್ಷದವರೆಗಿನ ಮಕ್ಕಳಿಗೆ ಈ ಲಸಿಕೆ ಹಾಕಿತು. ಸರ್ಕಾರಿ ಕಾರ್ಯಕ್ರಮವಾಗಿ ಈ ಕಾಂಜುಗೇಟ್ ಲಸಿಕೆ ಕೊಟ್ಟದ್ದು ಇಡೀ ಪ್ರಪಂಚದಲ್ಲೇ ಮೊದಲು ಅಲ್ಲಿ. ಈ ಸಂಗತಿ ನವಿ ಮುಂಬಯಿಯಲ್ಲಿ ಇರುವವರಿಗೇ ಗೊತ್ತಿಲ್ಲ, ನನಗೆ ಅದೇ ಬೇಜಾರು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಜೊತೆಗಿದ್ದರು. ಮೊದಲ ಹಂತದಲ್ಲಿ ಪಾಲಿಕೆಯ ಅರ್ಧ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಮಾತ್ರ ಹಾಕಿದರು, ಉಳಿದರ್ಧಕ್ಕೆ ಆಮೇಲೆ ಅಂತ ಯೋಜನೆ. ಹೀಗೆ ಮಾಡಿದ್ದಕ್ಕೆ ಒಂದು ಲಾಭವೂ ಇತ್ತು, ಹಾಕಿದ ಕಡೆ ಮತ್ತು ಹಾಕದ ಕಡೆ ಹೋಲಿಸಿ ನೋಡಬಹುದಾಯಿತು. ಆ ಹಂತದಲ್ಲಿ 1,13,000ಕ್ಕೂ ಜಾಸ್ತಿ ಮಕ್ಕಳಿಗೆ ಸೂಜಿ ಬಿತ್ತು, ಅಂದರೆ ಹಾಕಬೇಕಾದವರಲ್ಲಿ ಸುಮಾರು ಶೇಕಡಾ 71.

ಸೇವೆ ಹೇಗಿತ್ತು ಅಂತ ಕೇಳಿದರೆ, ಚೆನ್ನಾಗಿತ್ತು. ಮಳೆ ಸುರಿಯುತ್ತಿತ್ತು, ಸಾಲು ಉದ್ದ ಇತ್ತು, ಆದರೂ ಯಾರೂ ಗದರಲಿಲ್ಲ. ಮಗುವಿಗೆ ಜ್ವರ ಇದೆಯಾ ಅಂತ ಕೇಳಿದರು, ಹಾಕಿದ ಮೇಲೆ ಸ್ವಲ್ಪ ಹೊತ್ತು ಕೂರಿಸಿ ನೋಡಿ ಕಳಿಸಿದರು, ಕಾರ್ಡ್ ಕೊಟ್ಟರು. ಮರಾಠಿ, ಹಿಂದಿಯಲ್ಲಿ ಎಲ್ಲ ವಿವರಿಸಿದರು. ನಮ್ಮ ಪಕ್ಕದ ಬಿಲ್ಡಿಂಗಿನ ಅಜ್ಜಿಯೊಬ್ಬರು ಕನ್ನಡ ಬಿಟ್ಟರೆ ಬೇರೆ ಬಾರದವರು, ಮೊಮ್ಮಗನನ್ನು ಕರೆತಂದಿದ್ದರು. ಅವರಿಗೆ ನನ್ನ ಹೆಂಡತಿ ಹೇಳಿ ಅರ್ಥ ಮಾಡಿಸಿದಳು. ಮಕ್ಕಳಿಗೆ ಒಂದು ದಿನ ತೋಳು ನೋವು, ಸಣ್ಣಗೆ ಮೈ ಬಿಸಿ, ಅಷ್ಟೇ.

ಫಲಿತಾಂಶ ಏನಾಯಿತು ಅನ್ನುವುದೇ ರಿವ್ಯೂನಲ್ಲಿ ಮುಖ್ಯ. ಆಮೇಲಿನ ವರ್ಷಗಳಲ್ಲಿ ಜ್ವರ ಬಂದ ಮಕ್ಕಳ ರಕ್ತ ಕಲ್ಚರ್ ಮಾಡಿ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿ, ಲೆಕ್ಕ ಹಾಕಿದರು. ಲಸಿಕೆ ಹಾಕಿದ ಪ್ರದೇಶಗಳಲ್ಲಿ ಟೈಫಾಯ್ಡ್ ಅರ್ಧಕ್ಕಿಂತ ಜಾಸ್ತಿ ಕಡಿಮೆ ಇತ್ತು. ಆ ಪ್ರದೇಶದಲ್ಲಿ ಲಸಿಕೆ ತಪ್ಪಿಸಿಕೊಂಡ ಮಕ್ಕಳೂ ಇದ್ದರು ಅನ್ನೋದು ನೆನಪಿರಲಿ. ನಿಜವಾಗಿ ಹಾಕಿಸಿಕೊಂಡ ಮಗುವನ್ನು ಮಾತ್ರ ತೆಗೆದುಕೊಂಡರೆ ರಕ್ಷಣೆ ಶೇಕಡಾ 80ರ ಮೇಲೆ. ನೇಪಾಳ, ಬಾಂಗ್ಲಾದೇಶ, ಮಲಾವಿಯಲ್ಲಿ ನಡೆದ ದೊಡ್ಡ ಪರೀಕ್ಷೆಗಳಲ್ಲೂ ಹೆಚ್ಚು ಕಡಿಮೆ ಇದೇ ಅಂಕಿ ಬಂದಿದೆ. ಒಂದೇ ಡೋಸಿಗೆ ಇಷ್ಟು ಅಂದರೆ ಸಣ್ಣ ಮಾತಲ್ಲ.

ಹಳೇ ಲಸಿಕೆಯೂ ಇದೆ, ಅದಕ್ಕೇ "ಕಾಂಜುಗೇಟ್" ಅಂತ ಒತ್ತಿ ಹೇಳಿದ್ದು. ಹಳೆಯದರಲ್ಲಿ ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆ ಅಂಶ ಮಾತ್ರ ಇರುತ್ತದೆ. ಎರಡು ವರ್ಷದೊಳಗಿನ ಮಗುವಿನ ದೇಹ ಅದನ್ನು ಸರಿಯಾಗಿ ಗುರುತಿಸುವುದಿಲ್ಲ, ದೊಡ್ಡವರಿಗೂ ಮೂರು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಹೊಸದರಲ್ಲಿ ಅದೇ ಸಕ್ಕರೆಯನ್ನು ಒಂದು ಪ್ರೋಟೀನಿಗೆ, ಉದಾಹರಣೆಗೆ ನಿಷ್ಕ್ರಿಯ ಮಾಡಿದ ಟೆಟನಸ್ ಅಂಶಕ್ಕೆ, ಜೋಡಿಸಿರುತ್ತಾರೆ. ಆಗ ದೇಹ ಅದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ, 6 ತಿಂಗಳ ಮಗುವಿಗೂ ಕೆಲಸ ಮಾಡುತ್ತದೆ. ಹೈದರಾಬಾದಿನ ಭಾರತ್ ಬಯೋಟೆಕ್‌ನ ಟೈಪ್‌ಬಾರ್ ಟಿಸಿವಿ ಈ ಜಾತಿಯದು, ಬಯಾಲಾಜಿಕಲ್ ಇ, ಝೈಡಸ್ ಕಂಪನಿಗಳದ್ದೂ ಇವೆ. ಅಂದರೆ ನಮ್ಮ ದೇಶದಲ್ಲೇ ತಯಾರಾಗಿ ಬೇರೆ ದೇಶಗಳಿಗೂ ಹೋಗುವ ವಸ್ತು. ಪಾಕಿಸ್ತಾನ 2019ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಂದುಕೊಂಡಿತು. ನಮ್ಮಲ್ಲಿ ರಾಷ್ಟ್ರೀಯ ಲಸಿಕೆ ಸಲಹಾ ಸಮಿತಿ ಇದನ್ನು 2022ರಲ್ಲೇ ಶಿಫಾರಸು ಮಾಡಿದೆ.

ಪಾಕಿಸ್ತಾನಕ್ಕೆ ಅಷ್ಟು ಅವಸರ ಯಾಕಿತ್ತು ಅಂದರೆ, 2016ರಿಂದ ಸಿಂಧ್‌ನಲ್ಲಿ ಸಾಮಾನ್ಯವಾಗಿ ಕೊಡುವ ಔಷಧಿ ಬಹುತೇಕ ಯಾವುದಕ್ಕೂ ಬಗ್ಗದ ಟೈಫಾಯ್ಡ್ ಹಬ್ಬಿತ್ತು. ನಗರಗಳ ಟೈಫಾಯ್ಡ್ ಚರಿತ್ರೆ ಅಂದರೆ ಒಂದು ರೀತಿಯಲ್ಲಿ ಔಷಧಿಗಳ ಚರಿತ್ರೆಯೇ. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದಾಗ ವಾರಗಟ್ಟಲೆ ಮಲಗಿಸುತ್ತಿದ್ದ ಜ್ವರ ಕೆಲವೇ ದಿನದಲ್ಲಿ ಇಳಿಯತೊಡಗಿತು. 1972ರಲ್ಲಿ ಕೋಯಿಕ್ಕೋಡ್‌ನಲ್ಲಿ ಅದಕ್ಕೆ ಬಗ್ಗದ ಟೈಫಾಯ್ಡ್ ಎದ್ದಿತು. 1990ರ ಸುಮಾರಿಗೆ ಆ ಕಾಲದ ಮೂರೂ ಮುಖ್ಯ ಔಷಧಿಗಳಿಗೆ ಬಗ್ಗದ ತಳಿ ದೇಶದ ನಗರಗಳಲ್ಲೆಲ್ಲ ಕಾಣಿಸಿತು. ಆಮೇಲೆ ಸಿಪ್ರೊಫ್ಲಾಕ್ಸಾಸಿನ್ ಕಾಲ ಬಂತು, ಅದೂ ಹೋಯಿತು. ಈಗ ಕೊಡುವುದು ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ತಳಿಗಳು ಮುಂಬಯಿಯಲ್ಲೇ ಸಿಕ್ಕಿವೆ. ವಿಚಿತ್ರ ಅಂದರೆ, ಎಲ್ಲರೂ ಬಿಟ್ಟುಬಿಟ್ಟಿದ್ದ ಹಳೇ ಔಷಧಿಗಳು ಈಗ ಬಹಳಷ್ಟು ತಳಿಗಳ ಮೇಲೆ ಮತ್ತೆ ಕೆಲಸ ಮಾಡುತ್ತಿವೆ. ಬಳಸದೇ ಬಿಟ್ಟಾಗ ಬ್ಯಾಕ್ಟೀರಿಯಾ ಆ ತಯಾರಿಯನ್ನು ಕೈಬಿಡುತ್ತಾ ಬಂದಿದೆ. ಲಸಿಕೆಯಿಂದ ಜ್ವರವೇ ಕಡಿಮೆಯಾದರೆ ಆಂಟಿಬಯೋಟಿಕ್ ನುಂಗುವುದೂ ಕಡಿಮೆ. ನನಗೆ ಈ ಲಸಿಕೆಯ ದೊಡ್ಡ ಲಾಭ ಇದೇ ಅನ್ನಿಸುತ್ತದೆ.

ಹಾಗಾದರೆ ನಮ್ಮ ನಗರದಲ್ಲಿ ಟೈಫಾಯ್ಡ್ ಇಳಿಯುತ್ತಿದೆಯಾ ಏರುತ್ತಿದೆಯಾ? ಇದನ್ನು ಹೇಳಬೇಕಾದರೆ ಮೊದಲು ಲೆಕ್ಕ ಸರಿ ಇರಬೇಕು. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಮ್ಮ ಹೋಟೆಲಿನ ಕುಂದಾಪುರ ಕಡೆಯ ಹುಡುಗನೊಬ್ಬನಿಗೆ ಜ್ವರ ಬಂದಾಗ ಹತ್ತಿರದ ಒಂದು ಕ್ಲಿನಿಕ್ಕಿಗೆ ಕಳಿಸಿದೆ. ಎರಡನೇ ದಿನಕ್ಕೇ ವಿಡಾಲ್ ಪರೀಕ್ಷೆ (ಟೈಫಾಯ್ಡ್ ವಿರುದ್ಧ ದೇಹ ಮಾಡಿದ ಪ್ರತಿಕಾಯ ರಕ್ತದಲ್ಲಿದೆಯಾ ಅಂತ ನೋಡುವುದು) ಮಾಡಿ "ಟೈಫಾಯ್ಡ್" ಅಂತ ಬರೆದು ಡ್ರಿಪ್ ಹಾಕಿದರು. ರಕ್ತ ಕಲ್ಚರ್ ಮಾಡಿ ಅಂದರೆ "ಬೇಕಾಗಿಲ್ಲ" ಅಂದರು. ಕೊನೆಗೆ ಬೇರೆ ಕಡೆ ತೋರಿಸಿದಾಗ ಡೆಂಗ್ಯೂ ಅಂತ ಗೊತ್ತಾಯಿತು. ವಿಡಾಲ್ 1896ರ ಪರೀಕ್ಷೆ, ಮುಂಬಯಿಗೆ ಪ್ಲೇಗ್ ಬಂದ ವರ್ಷದ್ದು. ಟೈಫಾಯ್ಡ್ ಇರುವ ಊರಿನಲ್ಲಿ ಯಾವಾಗಲೋ ಸೋಂಕು ತಗಲಿದ್ದವರ ರಕ್ತದಲ್ಲೂ ಅದು ಪಾಸಿಟಿವ್ ತೋರಿಸಬಹುದು, ಬೇರೆ ಜ್ವರಕ್ಕೂ ತೋರಿಸಬಹುದು. ಒಂದೇ ಸಲ ಮಾಡಿದ ವಿಡಾಲ್ ನೋಡಿ ಟೈಫಾಯ್ಡ್ ಅನ್ನೋದು ಅಂದಾಜು ಅಷ್ಟೇ. ಸುಮ್ನೆ ಆಂಟಿಬಯೋಟಿಕ್ ನುಂಗಿಸುತ್ತಾರೆ, ಮಳೆಗಾಲದ ಪಟ್ಟಿಯಲ್ಲಿ ಟೈಫಾಯ್ಡ್ ಸಂಖ್ಯೆ ಊದಿಕೊಳ್ಳುತ್ತದೆ, ನಿಜವಾದದ್ದು ಎಷ್ಟು ಅಂತ ಯಾರಿಗೂ ತಿಳಿಯುವುದಿಲ್ಲ.

ಕಲ್ಚರ್ ಕೂಡ ಪೂರ್ತಿ ಸರಿ ಅಂತಲ್ಲ. ಹತ್ತು ನಿಜವಾದ ಟೈಫಾಯ್ಡಿನಲ್ಲಿ ಸುಮಾರು ಆರನ್ನು ಹಿಡಿಯುತ್ತದೆ, ಮೊದಲೇ ಆಂಟಿಬಯೋಟಿಕ್ ತಿಂದಿದ್ದರೆ ಇನ್ನೂ ಕಡಿಮೆ. ವರದಿಗೆ ಕೆಲವು ದಿನ ಕಾಯಬೇಕು, ಖರ್ಚೂ ಜಾಸ್ತಿ. ಆದರೆ ಬ್ಯಾಕ್ಟೀರಿಯಾ ಸಿಕ್ಕಿದರೆ ಯಾವ ಔಷಧಿ ನಾಟುತ್ತದೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. 2017ರಿಂದ 2020ರವರೆಗೆ ದೇಶದಲ್ಲಿ ಹೀಗೆ ಕಲ್ಚರ್ ಆಧಾರದಲ್ಲೇ ಮಕ್ಕಳನ್ನು ಹಿಂಬಾಲಿಸಿ ನೋಡಿದರು. ದೆಹಲಿ, ಕೋಲ್ಕತ್ತ, ವೆಲ್ಲೂರಿನ ನಗರ ಭಾಗಗಳಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಿಗೆ 576ರಿಂದ 1173ರವರೆಗೆ ಟೈಫಾಯ್ಡ್ ಸಿಕ್ಕಿತು. ನಮ್ಮ ಪುಣೆಯ ಹಳ್ಳಿ ಭಾಗದಲ್ಲಿ 35. ಈ ಅಂತರ ನೋಡಿ! ಇಕ್ಕಟ್ಟಿನ ಬದುಕು, ಹಂಚಿಕೊಳ್ಳುವ ನೀರು, ಹೊರಗಿನ ತಿಂಡಿ, ಎಲ್ಲ ಸೇರುವುದು ನಗರದಲ್ಲೇ.

ನೀರಿನ ಮಾತು ಬಂದರೆ, ಮುಂಬಯಿಗೆ ವಿಹಾರ್ ಕೆರೆಯಿಂದ ಪೈಪಿನ ನೀರು ಬಂದದ್ದು 1860ರಲ್ಲಿ. ಅಷ್ಟು ಹಳೇ ವ್ಯವಸ್ಥೆ, ಇವತ್ತಿಗೂ ಹೆಚ್ಚಿನ ಕಡೆ ನೀರು ಬಿಡುವುದು ದಿನಕ್ಕೆ ಕೆಲವೇ ಗಂಟೆ. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಬಿರುಕಿದ್ದಲ್ಲಿ ಪಕ್ಕದ ಗಟಾರದ ನೀರು ಒಳಗೆ ಜಿನುಗುತ್ತದೆ. ಭಾಂಡುಪ್‌ನಲ್ಲಿ ಎಷ್ಟೇ ಚೆನ್ನಾಗಿ ಶುದ್ಧ ಮಾಡಿ ಕಳಿಸಿದರೂ ನಮ್ಮ ನಲ್ಲಿಗೆ ಬರುವಷ್ಟರಲ್ಲಿ ಕೆಡಬಹುದು. ಅದಕ್ಕೇ ಹೋಟೆಲಿನ ಟ್ಯಾಂಕ್ ತೊಳೆಸುವುದು, ಫಿಲ್ಟರ್ ಬದಲಿಸುವುದು ಲಸಿಕೆ ಹಾಕಿಸಿದ ಮೇಲೂ ನಿಲ್ಲಬಾರದು. ಐಸ್ ಇನ್ನೊಂದು. ಆಹಾರ, ಔಷಧಿ ನೋಡಿಕೊಳ್ಳುವ ಮಹಾರಾಷ್ಟ್ರ ಸರ್ಕಾರದ ಇಲಾಖೆ ಎಫ್‌ಡಿಎ 2018ರಲ್ಲಿ ತಿನ್ನಲು ಮಾಡದ ಐಸಿಗೆ ನೀಲಿ ಬಣ್ಣ ಹಾಕಬೇಕು ಅಂತ ಆದೇಶ ಮಾಡಿತು, ಮೀನಿಗೆ ಹಾಕುವ ಐಸ್ ಶರಬತ್ತಿಗೆ ಬರಬಾರದು ಅಂತ. ಒಳ್ಳೇ ಆದೇಶ. ಬಿಳಿ ಐಸ್ ಎಲ್ಲಿಂದ ಬಂತು ಅಂತ ನೀವೂ ಒಂದು ಮಾತು ಕೇಳಿ.

ಹುಡುಗರಿಗೆ ಹಾಕಿಸಿದ ಅನುಭವ ಹೀಗಿತ್ತು. ಮೊದಲು ಯಾರೂ ಒಪ್ಪಲಿಲ್ಲ. "ಅಣ್ಣಾ, ಗಾಯ ಆದಾಗ ಟಿಟಿ ಹಾಕಿಸ್ಕೊಂಡಿದ್ದೇನಲ್ಲ, ಮತ್ತೆ ಯಾಕೆ?" ಅಂತ ಒಬ್ಬ. ಕೈ ನೋವಾದರೆ ದೋಸೆ ಹುಯ್ಯುವುದು ಹೇಗೆ ಅಂತ ಇನ್ನೊಬ್ಬ, ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಎಲ್ಲರಿಗೂ ಒಂದೇ ದಿನ ಹಾಕಿಸಲಿಲ್ಲ, ಗುಂಪು ಮಾಡಿ, ಎಡ ತೋಳಿಗೆ, ಮಧ್ಯಾಹ್ನದ ಊಟ ಮುಗಿದ ಮೇಲೆ ಹಾಕಿಸಿದೆ. ಹಾಕಿಸಿಕೊಂಡವರಿಗೆ ಆ ಸಂಜೆ ರಜೆ, ಸಂಬಳ ಕಡಿತ ಇಲ್ಲ. ದುಡ್ಡು ಪೂರ್ತಿ ಮಾಲೀಕನೇ ಕೊಡಬೇಕು, ಹುಡುಗರ ಸಂಬಳದಿಂದ ಹಿಡಿಯಬಾರದು, ಇದು ನನ್ನ ಖಂಡಿತ ಅಭಿಪ್ರಾಯ. ಜ್ವರ ಬಂದವನಿಗೆ ರಜೆ ಕೊಟ್ಟು ಸಂಬಳ ಕೊಡದಿದ್ದರೆ ಅವನು ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾನೆ. ಆಗ ಯಾವ ಸರ್ಟಿಫಿಕೇಟೂ ಕಾಪಾಡುವುದಿಲ್ಲ.

ಸರ್ಟಿಫಿಕೇಟ್ ಅಂದಾಗ ನೆನಪಾಯಿತು. ಮೊದಲು ಹೋದ ಕಡೆ ಹುಡುಗರನ್ನು ನೋಡದೇ, ಹೆಸರಿನ ಪಟ್ಟಿ ಕೊಟ್ಟರೆ ಸಾಕು, ಎಲ್ಲರಿಗೂ ಫಿಟ್‌ನೆಸ್ ಬರೆದುಕೊಡುತ್ತೇವೆ ಅಂದರು. ನಾನು ವಾಪಸ್ ಬಂದೆ. ಇಂಥ ಕಾಗದ ಇಟ್ಟುಕೊಂಡು ಇನ್ಸ್‌ಪೆಕ್ಟರಿಗೆ ತೋರಿಸಬಹುದು, ಆದರೆ ಮರುದಿನ ಅದೇ ಅಡುಗೆಮನೆಯ ಊಟ ನನ್ನ ಮಕ್ಕಳಿಗೇ ಬಡಿಸಬೇಕಲ್ಲ.

ಅರ್ಧ ಅಂಕ ಯಾಕೆ ಕಳೆದೆ? ಈ ಲಸಿಕೆ ಟೈಫಾಯ್ಡನ್ನು ಮಾತ್ರ ತಡೆಯುತ್ತದೆ. ಅದರ ದಾಯಾದಿ ಪ್ಯಾರಾಟೈಫಾಯ್ಡ್ ಎ ಜ್ವರವನ್ನು ತಡೆಯುವುದಿಲ್ಲ, ಭೇದಿ ತರುವ ಬೇರೆ ಸಾಲ್ಮೊನೆಲ್ಲಾ, ಶಿಗೆಲ್ಲಾ ಯಾವುದನ್ನೂ ತಡೆಯುವುದಿಲ್ಲ. ರಕ್ಷಣೆ ಎಷ್ಟು ವರ್ಷ ಅನ್ನುವುದೂ ಎಲ್ಲ ಕಡೆ ಒಂದೇ ಥರ ಇಲ್ಲ. ಮಲಾವಿಯಲ್ಲಿ ನಾಲ್ಕು ವರ್ಷ ದಾಟಿದ ಮೇಲೂ ಚೆನ್ನಾಗಿ ಉಳಿದಿತ್ತು, ಬಾಂಗ್ಲಾದೇಶದಲ್ಲಿ ಮೂರ್ನಾಲ್ಕು ವರ್ಷದ ಮೇಲೆ ಇಳಿಯಿತು, ಅದರಲ್ಲೂ ತೀರಾ ಚಿಕ್ಕವರಿದ್ದಾಗ ಹಾಕಿಸಿಕೊಂಡವರಲ್ಲಿ. ಹಾಗಾಗಿ 2018ರಲ್ಲಿ ಹಾಕಿಸಿದ ಮಗುವಿಗೆ ಇನ್ನೊಂದು ಡೋಸ್ ಬೇಕಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು 45 ವರ್ಷದವರೆಗೆ ಇದೆ. ನಮ್ಮ ಹಿರಿಯ ಭಟ್ಟರಂಥವರ ಬಗ್ಗೆ ಡಾಕ್ಟರೇ ನಿರ್ಧರಿಸಬೇಕು. ಜ್ವರ ಇರುವಾಗ ಹಾಕಿಸಬೇಡಿ. ಹಾಕಿಸಿದ ಮೇಲೆ ರಕ್ಷಣೆ ಬರಲು ಒಂದೆರಡು ವಾರ ಬೇಕು, ಅದಕ್ಕೆ ಮೇ ತಿಂಗಳೇ ಸರಿಯಾದ ಸಮಯ. ಕಾರ್ಡಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ಹುಡುಗರು ಹೋಟೆಲ್ ಬದಲಿಸುತ್ತಾರೆ, ಕಾರ್ಡ್ ಹಳೇ ಮಾಲೀಕನ ಡ್ರಾಯರ್‌ನಲ್ಲೇ ಉಳಿದುಹೋಗುತ್ತದೆ.

ಹತ್ತು ಹದಿನೈದು ಜನ ಇರುವ ಸಣ್ಣ ಹೋಟೆಲಿಗೆ ಒಂದೇ ಸಲ ಈ ಖರ್ಚು ಭಾರ ಅನ್ನಿಸುವುದು ನಿಜ. ಒಟ್ಟಿಗೆ ಮಾಡಿದರೆ ಕಡಿಮೆಯಾಗುತ್ತದೆ. ಹೋಟೆಲಿನವರ ಆಹಾರ್ ಸಂಘಟನೆ, ಬಂಟರ ಸಂಘ, ನಮ್ಮ ಕರ್ನಾಟಕ ಸಂಘಗಳು ರಕ್ತದಾನ ಶಿಬಿರದ ಜೊತೆಗೆ ಇದನ್ನೂ ಮಾಡಬಹುದು. ಚೆಂಬೂರು, ಗೋವಂಡಿ, ಕುರ್ಲಾ ಕಡೆಯ ಹೋಟೆಲಿನವರು ಯಾರಾದರೂ ಮುಂದೆ ಬಂದರೆ ನಮ್ಮಲ್ಲಿ ಮೇಲಿನ ಹಾಲ್ ಮಧ್ಯಾಹ್ನ 3ರಿಂದ 5ರವರೆಗೆ ಖಾಲಿ ಇರುತ್ತದೆ. ಡಾಕ್ಟರನ್ನು ಒಪ್ಪಿಸುವುದು, ಬಂದವರಿಗೆಲ್ಲ ಚಹಾ-ತಿಂಡಿ, ಎರಡೂ ನನ್ನ ಜವಾಬ್ದಾರಿ.